ಎಡಗಡೆಯ ಸುಣ್ಣ

ಉತ್ತರ ಕನ್ನಡ ಜಿಲ್ಲೆಯ ವಿದ್ಯಾಭ್ಯಾಸದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ ಒಂದು ತಾರೀಕನ್ನು ಮಾತ್ರ ಬಿಡಕೂಡದು: ೧೯೬೬ನೇ ಇಸವಿ ನವೆಂಬರ್ ಹದಿನೇಳು, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆ ಮುಹೂರ್ತದಲ್ಲಿ ನಮ್ಮ ಕರಾವಳಿಯ ಒಂದು ಕಾಲೇಜಿನ ಕರಿಹಲಗೆಯ ಮೇಲೆ ಒಂದು ಬಾಣ ಹಿಂದಕ್ಕೆ ತಿರುಗಿತು.

ಅಲ್ಲಿಯವರೆಗೆ ಬಾಣಗಳೆಲ್ಲ ಎಡದಿಂದ ಬಲಕ್ಕೆ ಹೋಗುತ್ತಿದ್ದವು. ಸತುವಿನ ಮೇಲೆ ಆಸಿಡ್ ಹಾಕಿದರೆ ಹೈಡ್ರೋಜನ್ ಬರುತ್ತದೆ, ಬಂದದ್ದು ಹೋಗುತ್ತದೆ, ಕತೆ ಮುಗಿಯಿತು. ಮೂವತ್ತೊಂದು ಪಿ.ಯು.ಸಿ. ವಿದ್ಯಾರ್ಥಿಗಳು ಜೂನ್ ತಿಂಗಳಿನಿಂದ ಈ ನಂಬಿಕೆಯ ಮೇಲೆಯೇ ಬದುಕಿದ್ದರು. ಈಗ ಕೆಮಿಸ್ಟ್ರಿಯ ಲೆಕ್ಚರರ್ ಕೃಷ್ಣಾನಂದರು ಬಲಕ್ಕೆ ಹೋಗುವ ಬಾಣದ ಕೆಳಗೆ ಎಡಕ್ಕೆ ಬರುವ ಇನ್ನೊಂದನ್ನು ಎಳೆದು, ಬೆರಳಿಗೆ ಹತ್ತಿದ ಸೀಮೆಸುಣ್ಣವನ್ನು ಊದಿ, "ಈಕ್ವಿಲಿಬ್ರಿಯಮ್" ಎಂದರು.

"ಹಾಗಾದ್ರೆ ನೋಟ್ಸಲ್ಲಿ ಯಾವ್ದು ಬರ್ಕಳ್ಳೂದು ಸರ್?" ಎಂದು ಹಿಂದಿನ ಬೆಂಚು ಕೇಳಿತು.

"ಎರಡೂ."

ತರಗತಿ ನಿಟ್ಟುಸಿರು ಬಿಟ್ಟಿತು.

ಕಾಲೇಜು ಯಾವ ಊರಿನದು ಎಂದು ಹೇಳುವುದು ಬೇಡ. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರರಲ್ಲೊಂದು ಎಂದರೆ ಸಾಕು. ಹೆಸರು ಹೇಳಿದರೆ ಉಳಿದೆರಡು ಊರಿನವರು ಈಗಲೂ ನಗುತ್ತಾರೆ. ಮೂರಕ್ಕೂ ಹೊಳೆಯಿದೆ, ಹೊಳೆ ದಾಟಿಸಲು ತಾರಿಯ ದೋಣಿಯಿದೆ, ದಂಡೆಯ ಮೇಲೆ ಸುಣ್ಣದ ಭಟ್ಟಿಯಿದೆ. ಕಾಲೇಜು ಇದ್ದದ್ದು ಹಳೆಯ ಉಪ್ಪಿನ ಗೋದಾಮಿನಲ್ಲಿ. ಉಪ್ಪು ಖಾಲಿಯಾಗಿ ಎರಡು ವರ್ಷವಾದರೂ ಗೋಡೆಗಳು ಅದನ್ನು ಮರೆತಿರಲಿಲ್ಲ. ಮಳೆಗಾಲದಲ್ಲಿ ಅವು ಬೆವರುತ್ತಿದ್ದವು, ಬೇಸಿಗೆಯಲ್ಲಿ ಸಿಪ್ಪೆ ಬಿಡುತ್ತಿದ್ದವು.

ಕೃಷ್ಣಾನಂದರು ಶಿರಾಲಿಯವರು. ಮುಂಬಯಿಯಲ್ಲಿ ಎಂ.ಎಸ್ಸಿ. ಮಾಡಿ ಬಂದವರು, ವಯಸ್ಸು ಇಪ್ಪತ್ತಾರು. ಮನೆಯಲ್ಲಿ ಕೊಂಕಣಿ, ತರಗತಿಯಲ್ಲಿ ಇಂಗ್ಲಿಷು, ಸಿಟ್ಟು ಬಂದಾಗ ಕನ್ನಡ. ಎರಡು ಬಾಣಗಳ ಅರ್ಥ ಬಿಡಿಸಲು ಅವರು ಚರ್ಚ್‌ಗೇಟ್ ಸ್ಟೇಷನ್ನಿನ ಉದಾಹರಣೆ ಕೊಟ್ಟರು. ಒಂದು ರೈಲಿನಿಂದ ಎಷ್ಟು ಜನ ಇಳಿಯುತ್ತಾರೋ ಅಷ್ಟೇ ಜನ ಇನ್ನೊಂದಕ್ಕೆ ಹತ್ತುತ್ತಾರೆ. ಪ್ಲಾಟ್‌ಫಾರ್ಮಿನ ಮೇಲಿನ ಗರ್ದಿ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಾಗೆಂದು ಯಾರೂ ನಿಂತಿರುವುದಿಲ್ಲ. ಉದಾಹರಣೆ ಚೆನ್ನಾಗಿತ್ತು. ಮೂವತ್ತೊಂದು ಜನರಲ್ಲಿ ರೈಲನ್ನು ಕಂಡವರು ಯಾರೂ ಇರಲಿಲ್ಲ. ಅವರು 'ಎರಡೂ ಕಡೆ ಸಮ' ಎಂದು ಬರೆದುಕೊಂಡರು. ಅಂದರೆ ಅರ್ಧ ಆಚೆ, ಅರ್ಧ ಈಚೆ, ಆಮೇಲೆ ಎಲ್ಲ ನಿಂತುಹೋಗುವುದು. ತಕ್ಕಡಿಯ ಹಾಗೆ. ಇದು ತಪ್ಪು. ಆದರೆ ಅಚ್ಚುಕಟ್ಟಾದ ತಪ್ಪು, ಆದ್ದರಿಂದ ಬೇಗ ಬಾಯಿಪಾಠವಾಯಿತು.

ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಸುಮತಿ. ಹಲಗೆಯ ಮೇಲಿದ್ದದ್ದು ಸುಣ್ಣ ಸುಡುವ ಸಮೀಕರಣ. ಎಡಗಡೆ ಚಿಪ್ಪು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟು. ಬಲಗಡೆ ಸುಟ್ಟ ಸುಣ್ಣ ಮತ್ತು ಇಂಗಾಲಾಮ್ಲ ಗಾಳಿ. ಸುಮತಿಯ ಮನೆಯವರು ಹೊಳೆಯಾಚೆ ಚಿಪ್ಪಿನ ಸುಣ್ಣ ಸುಡುವವರು. ಈ ಒಂದು ವಿಷಯದಲ್ಲಿ ಆಕೆಗೆ ಯಾರೂ ನೋಟ್ಸು ಕೊಡಬೇಕಾಗಿರಲಿಲ್ಲ.

"ಸರ್, ಸುಟ್ಟ ಸುಣ್ಣ ಹಿಂದೆ ಚಿಪ್ಪಾದದ್ದು ನಾವು ಕಂಡಿದ್ದೇ ಇಲ್ಲ."

"ಮುಚ್ಚಿದ ಪಾತ್ರೆಯಲ್ಲಿ ಸುಟ್ಟರೆ ಆಗುತ್ತದೆ. ಗಾಳಿ ಹೊರಗೆ ಹೋಗದಿದ್ದರೆ ಅದು ಸುಣ್ಣದ ಮೇಲೆ ತಿರುಗಿ ಬೀಳುತ್ತದೆ."

"ಮುಚ್ಚಿ ಯಾರು ಸುಡ್ತಾರೆ ಸರ್?"

ತರಗತಿ ನಕ್ಕಿತು. ಕೃಷ್ಣಾನಂದರಿಗೆ ಕನ್ನಡ ಬಂತು. "ಕೂತ್ಕೋ. ಇದು ಥಿಯರಿ. ನಿಮ್ಮ ಭಟ್ಟಿ ಅಲ್ಲ."

ಅವರು ಸಮೀಕರಣದ ಸುತ್ತ ಚೌಕ ಹಾಕಿ 'ಇಂಪಾರ್ಟೆಂಟ್' ಎಂದು ಬರೆದರು. ಗಂಟೆ ಹೊಡೆಯಿತು.

*

ಸುಮತಿಗೆ ಕೆಮಿಸ್ಟ್ರಿಯಲ್ಲಿ ಆಸಕ್ತಿಯಿತ್ತು, ಆದರೆ ಅದಕ್ಕಿಂತ ದೊಡ್ಡ ಒಂದು ತೊಡಕೂ ಇತ್ತು. ಕಾಲೇಜಿನಲ್ಲಿ ಇದ್ದದ್ದು ಪಿ.ಯು.ಸಿ. ಒಂದೇ. ಮುಂದೆ ಓದಬೇಕಾದವರು ಧಾರವಾಡಕ್ಕೆ ಹೋಗಬೇಕು. ಆಕೆಯ ತಾಯಿ ತಿಮ್ಮಕ್ಕ ಈ ಬಗ್ಗೆ ಮೊದಲೇ ಕಾಯಿದೆ ಮಾಡಿಟ್ಟಿದ್ದಳು. "ಹೊಳಿ ದಾಟಿ ಹೋಗಿ ಬೈಗಿಗೆ ಮನೆಗೆ ಬರೂ ಹಾಗಿದ್ರೆ ಎಷ್ಟು ಬೇಕಾರೂ ಓದು. ಘಟ್ಟ ಹತ್ತೂದು ಬ್ಯಾಡ." ಗಂಡ ದುರ್ಗ ಈ ಮಾತಿಗೆ ತಲೆಯಾಡಿಸಿದ್ದ. ದುರ್ಗ ಹೊಳೆಯಲ್ಲಿ ಮುಳುಗಿ ಚಿಪ್ಪು ತೆಗೆಯುವವನು. ನೀರಿನೊಳಗೆ ಅಷ್ಟು ಹೊತ್ತು ಉಸಿರು ಕಟ್ಟಿ ಅಭ್ಯಾಸವಾಗಿ ಮೇಲೆ ಬಂದಮೇಲೂ ಹೆಚ್ಚು ಮಾತಾಡುತ್ತಿರಲಿಲ್ಲ.

ಹಾಗಾಗಿ ಊರ ಕಾಲೇಜಿಗೆ ಬಿ.ಎಸ್ಸಿ. ಬಂದರೆ ಸುಮತಿ ಓದುವುದು, ಬರದಿದ್ದರೆ ಏಪ್ರಿಲ್ ತಿಂಗಳಿನಿಂದ ಭಟ್ಟಿಗೆ ಗಾಳಿಯೂದುವ ಚಕ್ರ ತಿರುಗಿಸುವುದು. ಬರುತ್ತದೋ ಇಲ್ಲವೋ ಎಂಬುದನ್ನು ನೋಡಲು ಧಾರವಾಡದ ವಿಶ್ವವಿದ್ಯಾಲಯದಿಂದ ಒಂದು ಸಮಿತಿ ಬರಲಿದೆ ಎಂದು ಜನವರಿ ಮೂರಕ್ಕೆ ಕಾಗದ ಬಂತು. ಬರುವ ದಿನ ಜನವರಿ ಇಪ್ಪತ್ತೊಂದು.

ಪ್ರಿನ್ಸಿಪಾಲರು ಮಹಾಬಲ ಹೆಗಡೆ. ಸಂಸ್ಕೃತದ ಎಂ.ಎ., ತೋಟದ ಮನೆತನ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಅವರು ಕಾಗದವನ್ನು ಎರಡು ಸಲ ಓದಿ, ಗೋಡೆಗಳನ್ನು ಒಂದು ಸಲ ನೋಡಿ, "ಮೊದಲು ಸುಣ್ಣ" ಎಂದರು. ಲೈಬ್ರರಿಯಲ್ಲಿ ಇನ್ನೂರು ಪುಸ್ತಕಗಳ ಕೊರತೆಯಿತ್ತು, ಪ್ರಯೋಗಶಾಲೆಯಲ್ಲಿ ಒಂದೇ ಒಂದು ಒಳ್ಳೆಯ ತಕ್ಕಡಿಯಿತ್ತು, ಅದರದೂ ಒಂದು ಬಟ್ಟಲು ಬೇರೆ ತಕ್ಕಡಿಯದು. ಹದಿನೆಂಟು ದಿನಗಳಲ್ಲಿ ತುಂಬಬಹುದಾದ ಕೊರತೆ ಸುಣ್ಣದ್ದೊಂದೇ. ತಿಮ್ಮಕ್ಕನ ಭಟ್ಟಿಗೆ ನಲವತ್ತು ಹೆಡಿಗೆ ಸುಣ್ಣ ಬೇಕೆಂದು ಹೇಳಿಕಳಿಸಿದರು.

ತಿಮ್ಮಕ್ಕ, ಇದ್ದಿಲು ಇಪ್ಪತ್ತು ಹೆಡಿಗೆಗಷ್ಟೇ ಸಾಕು ಎಂದು ಮರುಮಾತು ಕಳಿಸಿದಳು. ಆ ವರ್ಷ ಮಳೆ ದೀಪಾವಳಿ ಕಳೆದರೂ ಬಿಟ್ಟಿರಲಿಲ್ಲ, ಘಟ್ಟದ ಮೇಲಿನಿಂದ ಇದ್ದಿಲು ತರುವವರು ಇನ್ನೂ ಇಳಿದಿರಲಿಲ್ಲ.

"ನೀವು ಒಂದು ಸಲ ಹೋಗಿ ನೋಡಿ ಬನ್ನಿ. ನಿಮ್ಮದೇ ವಿಷಯವಲ್ಲವೇ" ಎಂದರು ಪ್ರಿನ್ಸಿಪಾಲರು, ಕೃಷ್ಣಾನಂದರಿಗೆ.

*

ಶನಿವಾರ ಮಧ್ಯಾಹ್ನ ಕೃಷ್ಣಾನಂದರು ತಾರಿ ದಾಟಿ ಹೋದಾಗ ಬೇರೆ ಯಾರದೋ ಮನೆ ಕಟ್ಟುವ ಸುಣ್ಣಕ್ಕೆ ಒಂದು ಸಣ್ಣ ಭಟ್ಟಿ ಉರಿಯುತ್ತಿತ್ತು. ಆಳೆತ್ತರದ ಮಣ್ಣಿನ ಗೋಡೆ, ಬಾವಿಯ ಹಾಗೆ ದುಂಡಗೆ. ಒಳಗೆ ಒಂದು ವರಸೆ ಇದ್ದಿಲು, ಒಂದು ವರಸೆ ಚಿಪ್ಪು. ಬುಡದಲ್ಲಿ ಗಾಳಿಚಕ್ರದ ಕೊಳವೆ. ಚಕ್ರವನ್ನು ದುರ್ಗ ತಿರುಗಿಸುತ್ತಿದ್ದ. ಮೇಲೆ ಏನೂ ಇಲ್ಲ, ಆಕಾಶ. ಅಲ್ಲಿ ಬಿಸಿಯ ಅಲೆಗೆ ತೆಂಗಿನ ಮರಗಳು ಬಳುಕಿದ ಹಾಗೆ ಕಾಣುತ್ತಿತ್ತು.

ಸುಮತಿ ಓಡಿಬಂದು ಮಣೆ ಇಟ್ಟಳು. ಆಮೇಲೆ ಆಕೆಗೆ ನಾಚಿಕೆಯಾಗುವಂಥ ಸಂಗತಿಗಳು ಒಂದೊಂದಾಗಿ ಕಣ್ಣಿಗೆ ಬಿದ್ದವು. ಕೋಳಿ. ಹರಿದ ಬಲೆ. ಜಗಲಿಯ ತುದಿಯ ಒಲೆಯ ಮೇಲೆ ಮುಚ್ಚಳವಿಲ್ಲದೆ ಕುದಿಯುತ್ತಿದ್ದ ಅನ್ನ, ಅದರ ಮೇಲೆ ಹಾರಿಬಂದು ಕೂತ ಬೂದಿ. ನೀರಿನ ಕೊಡಕ್ಕೂ ಮುಚ್ಚಳವಿಲ್ಲ, ಉಪ್ಪಿನ ಮಡಕೆಗೂ ಇಲ್ಲ.

"ಬಿಸಿಯೆಲ್ಲ ಮೇಲೆ ಹೋಗ್ತಾ ಇದೆಯಲ್ಲ" ಎಂದರು ಕೃಷ್ಣಾನಂದರು, ಭಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ.

"ಹೋಗ್ಲಿ ಮಾಸ್ತರ್ರೆ" ಎಂದಳು ತಿಮ್ಮಕ್ಕ. "ಅದ್ಕೂ ಉಸ್ರು ಬ್ಯಾಡ್ವಾ?"

"ಅದಕ್ಕೆ ಬೇಕಾದದ್ದು ಉಸಿರಲ್ಲ, ಬಿಸಿ. ಅರ್ಧಕ್ಕಿಂತ ಹೆಚ್ಚು ಬಿಸಿಯನ್ನು ನೀವು ಆಕಾಶಕ್ಕೆ ದಾನ ಮಾಡ್ತಾ ಇದ್ದೀರಿ. ಬಾಯಿಗೆ ಒಂದು ಮುಚ್ಚಳ ಹಾಕಿ, ಅದೇ ಇದ್ದಿಲಿನಲ್ಲಿ ನಲವತ್ತು ಹೆಡಿಗೆ ಆಗ್ತದೆ."

ತಿಮ್ಮಕ್ಕ ಎರಡೂ ಕೈ ಸೊಂಟದ ಮೇಲಿಟ್ಟಳು. "ಆ ಹೆಸ್ರು ಇಲ್ಲಿ ಹೇಳ್ಬೇಡಿ."

"ಯಾವ ಹೆಸರು?"

"ಅದೇ. ಮಡ್ಕೆ ಮೇಲೆ ಹಾಕೂದು." ಆಕೆ ದನಿ ತಗ್ಗಿಸಿದಳು. "ಭಟ್ಟಿ ಉರಿಯುವಾಗ ಮನೆಲಿ ಯಾವ ಮಡ್ಕೆಗೂ ಅದ್ನ ಹಾಕ್ಲಾಗ. ಹಾಕ್ರೆ ಸುಣ್ಣ ಹಸಿ ಉಳೀತದೆ. ನಮ್ಮ ಅತ್ತಿ ಇರುವಾಗ್ಲೂ ಹಾಂಗೇ, ಅವ್ರ ಅತ್ತಿ ಇರುವಾಗ್ಲೂ ಹಾಂಗೇ."

ಕೃಷ್ಣಾನಂದರು ನಕ್ಕರು. ಕೆಟ್ಟ ನಗುವಲ್ಲ, ಮೌಢ್ಯವನ್ನು ಇಷ್ಟು ಹತ್ತಿರದಿಂದ, ಅದೂ ಬಿಸಿಬಿಸಿಯಾಗಿ ಕಂಡ ವಿದ್ಯಾವಂತನ ಸಂತೋಷ. "ಇಲ್ಲಿ ಅನ್ನದ ಮಡಕೆ ಮುಚ್ಚಿದರೆ ಅಲ್ಲಿ ಭಟ್ಟಿಗೆ ಹೇಗೆ ತಿಳೀತದೆ ತಾಯೀ? ಟೆಲಿಗ್ರಾಮು ಹೋಗ್ತದೆಯೋ?"

ಆ ನಗು ಸುಮತಿಗೆ ತಾಗಿತು. ಏನಾದರೂ ಮಾಡದಿದ್ದರೆ ಸರ್ ತನ್ನನ್ನೂ ಆ ಬೂದಿ ಬಿದ್ದ ಅನ್ನದ ಕಡೆಗೇ ಸೇರಿಸಿಬಿಡುತ್ತಾರೆ ಎನಿಸಿತು. ಆಕೆ ಗೋಡೆಗೆ ನೇತುಹಾಕಿದ್ದ ಮುಚ್ಚಳವನ್ನು ತೆಗೆದು, ಅನ್ನದ ಮಡಕೆಯ ಮೇಲೆ ಸದ್ದಾಗುವ ಹಾಗೆ ಇಟ್ಟಳು.

"ಏ ಸುಮ್ತಿ!"

"ಅವ್ವೀ, ಸರ್ ಎಂ.ಎಸ್ಸಿ. ಮಾಡ್ದವ್ರು. ಮುಂಬಯಲ್ಲಿ."

ದುರ್ಗನ ಕೈಯಲ್ಲಿ ಚಕ್ರ ಒಂದು ಸುತ್ತಿನ ಮಟ್ಟಿಗೆ ನಿಂತು ಮತ್ತೆ ತಿರುಗಿತು. ತಿಮ್ಮಕ್ಕ ಮಡಕೆಯನ್ನು ನೋಡಿದಳು, ಮಗಳನ್ನು ನೋಡಿದಳು. ಬಿ.ಎಸ್ಸಿ. ಬಂದರೆ ಲಾಭ ಈ ಹುಡುಗಿಗೆ, ಬರದಿದ್ದರೆ ನಷ್ಟವೂ ಈ ಹುಡುಗಿಗೆ.

"ಆತು" ಎಂದಳು. "ಸುಣ್ಣ ನಿಮ್ಮ ಕಾಲೇಜಿಂದು, ಬುದ್ಧಿನೂ ನಿಮ್ಮದೇ ಆಗ್ಲಿ."

ಕಾಲೇಜಿನ ಭಟ್ಟಿಯನ್ನು ಮಂಗಳವಾರ ಹಚ್ಚಿದರು. ಕೃಷ್ಣಾನಂದರು ರಜೆ ಹಾಕಿ ಬಂದರು. ಭಟ್ಟಿಯ ಬಾಯಿಗೆ ಹಳೆಯ ತಗಡು, ತಗಡಿನ ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ಜೇಡಿಮಣ್ಣು. ಹೊಗೆಗೆಂದು ತೆಂಗಿನ ಗೆರಟೆಯಷ್ಟು ಒಂದು ತೂತು. ಅವರು ಅಂಗೈಯನ್ನು ಮಣ್ಣಿನ ಮೇಲೆ ಹಿಡಿದು, "ನೋಡಿ, ಒಂದಿಷ್ಟೂ ಬಿಸಿ ಹೊರಗಿಲ್ಲ" ಎಂದು ಮೂರು ಸಲ ಹೇಳಿದರು. ತೂತಿನಿಂದ ಇಣುಕಿದರೆ ಒಳಗೆ ಚಿಪ್ಪು ದಾಸವಾಳದ ಹಾಗೆ ಕೆಂಪಾಗಿತ್ತು. ಬಿಸಿಯ ಮಟ್ಟಿಗೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಭಟ್ಟಿ ಆರಿದ ಮೇಲೆ ಚಿಪ್ಪನ್ನು ಹೊರಗೆ ಹರವಿ ತಿಮ್ಮಕ್ಕ ನೀರು ಚಿಮುಕಿಸಿದಳು. ಒಳ್ಳೆಯ ಸುಣ್ಣವಾದರೆ ನೀರು ಬಿದ್ದ ಕೂಡಲೇ ಬುಸುಗುಟ್ಟಿ, ಹಬೆ ಬಿಟ್ಟು, ಹಿಟ್ಟಾಗಿ ಅರಳುತ್ತದೆ. ಇದರಲ್ಲಿ ನಾಲ್ಕರಲ್ಲೊಂದು ಪಾಲು ಅರಳಿತು. ಉಳಿದದ್ದು ನೀರು ಕುಡಿದು ಹಾಗೇ ಕೂತಿತು. ತಿಮ್ಮಕ್ಕ ಒಂದು ಚಿಪ್ಪನ್ನು ಇನ್ನೊಂದಕ್ಕೆ ಬಡಿದಳು. ಟಕ್ ಎಂದಿತು.

ಹೇಳಬೇಕಾದದ್ದನ್ನು ಚಿಪ್ಪು ಹೇಳಿತ್ತು.

ಇದ್ದಿಲು ಮುಗಿದಿತ್ತು. ಸಮಿತಿಗೆ ಹತ್ತು ದಿನ ಉಳಿದಿತ್ತು. ಕೃಷ್ಣಾನಂದರು, "ಕುಟ್ಟಿ ಪುಡಿ ಮಾಡಿ ಬೆರೆಸಿ. ಹೇಗೂ ಬೆಳ್ಳಗಿದೆಯಲ್ಲ" ಎಂದರು.

"ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ್ರು ಮಾಸ್ತರ್ರೆ. ಸುಣ್ಣನೂ ಅಲ್ಲ."

ಆದರೂ ಕುಟ್ಟಿದರು. ನಲವತ್ತು ಹೆಡಿಗೆ ತುಂಬಿ ಹೊಳೆ ದಾಟಿತು.

*

ಸುಮತಿಗೆ ವಿಷಯ ಹೊಳೆದದ್ದು ದೋಣಿಯಲ್ಲಿ. ಗುರುವಾರ ಸಂಜೆ ಕಾಲೇಜು ಬಿಟ್ಟು ಬರುವಾಗ ನಡುಹೊಳೆಯಲ್ಲಿ ಆಚೆಯಿಂದ ಬರುವ ದೋಣಿ ಎದುರಾಯಿತು. ದಿನಾ ಎದುರಾಗುವುದೇ. ಸಂತೆಯ ದಿನವಾದ್ದರಿಂದ ಎರಡೂ ತುಂಬಿದ್ದವು. ಈಚೆಯಿಂದ ಇಪ್ಪತ್ತು ಜನ ಆಚೆಗೆ, ಆಚೆಯಿಂದ ಇಪ್ಪತ್ತು ಜನ ಈಚೆಗೆ. ಈಚೆ ದಂಡೆಯಲ್ಲಿ ನೂರು ಜನ ಇದ್ದರು, ಆಚೆ ಮೂವತ್ತು; ಬೆಳಗಿನಿಂದ ನೂರೇ, ಮೂವತ್ತೇ. ಸಮ ಇದ್ದದ್ದು ದಂಡೆಯ ಜನವಲ್ಲ, ದೋಣಿಯ ಜನ. ಮತ್ತು ಯಾರೂ ನಿಂತಿರಲಿಲ್ಲ. ಅಂಬಿಗ ಬೆಳಗಿನಿಂದ ಹುಟ್ಟು ಹಾಕಿ ಹಾಕಿ ಬೈಯುತ್ತಿದ್ದ. ಚರ್ಚ್‌ಗೇಟ್ ಬೇಕಾಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಕೆ ಸಂತೋಷವಾಗಿ ಮನೆಗೆ ಹೋಗಬಹುದಿತ್ತು. ಆದರೆ ದೋಣಿಯಿಂದ ಇಳಿದು ದಿಬ್ಬ ಹತ್ತುವಾಗ ಇನ್ನೊಂದು ಹೊಳೆಯಿತು. ಇಳಿದವರೆಲ್ಲ ಹೀಗೆ ದಿಬ್ಬ ಹತ್ತಿ ಮನೆಗೆ ಹೋಗುತ್ತಾರೆ, ಅದಕ್ಕೇ ಅವರು ಮರಳಿ ದೋಣಿ ಹತ್ತುವುದಿಲ್ಲ. ದಿಬ್ಬಕ್ಕೆ ಬೇಲಿ ಹಾಕಿದರೆ? ಇಳಿದವರೆಲ್ಲ ದಂಡೆಯಲ್ಲೇ ಗುಂಪುಗೂಡಿ, ಬಂದ ದೋಣಿಗೇ ಹತ್ತಿ ವಾಪಸು ಹೋಗಬೇಕು. ಮುಚ್ಚಿದ ಭಟ್ಟಿಯಲ್ಲೂ ಹಾಗೇ: ಚಿಪ್ಪಿನಿಂದ ಬಂದ ಗಾಳಿ ಒಂದು, ಇದ್ದಿಲಿನಿಂದ ಬಂದ ಗಾಳಿ ಒಂದು, ಎರಡೂ ಅದೇ ಇಂಗಾಲಾಮ್ಲ. ಹೋಗಲು ದಾರಿಯಿಲ್ಲದೆ ಸುಣ್ಣದ ಮೇಲೇ ಕೂತಿತು. ಆಕೆಗೆ ಮುಚ್ಚಳದ ಸದ್ದು ಮತ್ತೆ ಕೇಳಿಸಿತು.

ಶುಕ್ರವಾರ ತರಗತಿ ಸುರುವಾಗುವ ಮೊದಲು ಆಕೆ ಕೃಷ್ಣಾನಂದರ ಮೇಜಿನ ಹತ್ತಿರ ಹೋಗಿ ನಿಂತಳು.

"ಸರ್, ಮುಚ್ಚಿ ಯಾರು ಸುಡ್ತಾರೆ ಅಂತ ನಾನು ಕೇಳಿದ್ದೆ."

"ಹೂಂ?"

"ನಾವೇ ಸುಟ್ಟದ್ದು ಸರ್."

ಕೃಷ್ಣಾನಂದರು ಹಲಗೆಯ ಕಡೆ ತಿರುಗಿದರು. ಅದರ ಮೇಲೆ ಏನೂ ಬರೆದಿರಲಿಲ್ಲ, ಆದರೂ ಬಹಳ ಹೊತ್ತು ಓದಿದರು. ಕಲಿಸಿದವರು ಅವರೇ, ಚೌಕ ಹಾಕಿ ಇಂಪಾರ್ಟೆಂಟ್ ಎಂದವರೂ ಅವರೇ. ಪಾಠ ಹಲಗೆಯಲ್ಲಿತ್ತು, ಭಟ್ಟಿ ಹೊಳೆಯಾಚೆ ಇತ್ತು. ನಡುವೆ ತಾರಿ ಇದ್ದರೂ ಅವರ ತಲೆಯಲ್ಲಿ ಯಾರೂ ಆಚೆಯಿಂದ ಈಚೆ ಬಂದಿರಲಿಲ್ಲ.

"ದೇವಾ" ಎಂದರು ಕೊನೆಗೆ. ಆಮೇಲೆ, "ಗೋಡೆಗೆ ಎರಡು ಕೈ ಬಳಿದಾಗಿದೆ. ಸಮಿತಿ ಹೋಗುವವರೆಗೆ ಯಾರಿಗೂ ಹೇಳಬೇಡ. ನಿನ್ನ ಒಳ್ಳೆಯದಕ್ಕೇ ಹೇಳುವುದು."

ಅದೂ ಸರಿಯೇ ಇತ್ತು. ಸುಮತಿ ಯಾರಿಗೂ ಹೇಳಲಿಲ್ಲ.

ಪ್ರಿನ್ಸಿಪಾಲರಿಗೆ ಮಾತ್ರ ಯಾರೂ ಹೇಳದೆಯೇ ಗೊತ್ತಾಯಿತು. ಉಳಿದ ಸುಣ್ಣದಲ್ಲಿ ಒಂದು ಚಿಟಿಕೆಯನ್ನು ಅವರು ತಮ್ಮ ಡಬ್ಬಿಗೆ ಹಾಕಿಕೊಂಡಿದ್ದರು. ಸಮಿತಿ ಬರುವ ಹಿಂದಿನ ದಿನ ಎಲೆಗೆ ಸವರಿ, ಅಡಿಕೆ ಸೇರಿಸಿ, ಕಾಲು ಗಂಟೆ ಜಗಿದು, ಕಿಟಕಿಯ ಹೊರಗೆ ಉಗಿದು, ಕೆಂಪಾಗದೆ ಬಿದ್ದ ಉಗುಳನ್ನೇ ದಿಟ್ಟಿಸಿ ನೋಡಿದರು. "ಇದೆಂತದು! ಕವಳ ಕೆಂಪೇ ಆಜಿಲ್ಲೆ!" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎದ್ದು ಹೋಗಿ ಗೋಡೆಗೆ ಬೆರಳು ತೀಡಿದರು. ಬೆರಳು ಬೆಳ್ಳಗಾಯಿತು. ಮೂರನೆಯ ಕೈ ಬಳಿದು ಐದು ದಿನವಾಗಿತ್ತು.

ಅವರು ವಿಚಾರಣೆ ಮಾಡಲಿಲ್ಲ. ಬೆಂಚುಗಳನ್ನೆಲ್ಲ ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಸಿ, ಪಡಸಾಲೆಯ ಎರಡೂ ಬದಿಗೆ ಹೂಕುಂಡ ಇಡಿಸಿ, "ನಾಳೆ ಯಾರೂ ಗೋಡೆ ಮುಟ್ಟತಕ್ಕದ್ದಲ್ಲ" ಎಂದು ನೋಟಿಸು ಹಾಕಿದರು. ನೋಟಿಸನ್ನು ಗೋಡೆಗೆ ಅಂಟಿಸಿದರು, ಅದು ಬಿದ್ದುಹೋಯಿತು.

*

ಸಮಿತಿಯವರು ಮೂವರು. ಚೇರ್ಮನ್ನರು ಕೆಮಿಸ್ಟ್ರಿಯ ಪ್ರೊಫೆಸರರು, ದಪ್ಪ ಕನ್ನಡಕ, ಕರೀ ಕೋಟು. ಜನವರಿಯಲ್ಲಿ ನಮ್ಮ ಕಡೆ ಕೋಟು ಹಾಕುವವರು ಮದುಮಗ ಬಿಟ್ಟರೆ ಧಾರವಾಡದವರೇ. ಪಡಸಾಲೆಯಲ್ಲಿ ಎಲ್ಲ ಸರಿಯಾಗಿ ನಡೆಯಿತು. ತಿರುವಿನಲ್ಲಿ ಜವಾನ ಎಳನೀರಿನ ತಟ್ಟೆ ಹಿಡಿದು ಎದುರು ಬಂದ. ಪ್ರೊಫೆಸರರು ಸೌಜನ್ಯದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೂಕುಂಡ ಅವರ ಮೊಣಕಾಲಿನವರೆಗಷ್ಟೇ ಇತ್ತು.

ತರಗತಿಗೆ ಬಂದಾಗ ಅವರ ಎಡಭುಜ, ತೋಳು, ಬೆನ್ನಿನ ಅರ್ಧ ಬೆಳ್ಳಗಿತ್ತು. ಅವರಿಗೆ ಗೊತ್ತಿರಲಿಲ್ಲ, ಉಳಿದವರಿಗೆಲ್ಲ ಗೊತ್ತಿತ್ತು. ಮೂವತ್ತೊಂದು ವಿದ್ಯಾರ್ಥಿಗಳು ಎದ್ದು ನಿಂತು, ಕೂತು, ಉಸಿರು ಬಿಗಿಹಿಡಿದರು.

"ಯಾವ ಪಾಠ ಆಗ್ಯಾವ?" ಎಂದರು ಪ್ರೊಫೆಸರರು. "ಈಕ್ವಿಲಿಬ್ರಿಯಮ್ ಆತೇನು? ಹೇಳ್ರಿ ನೋಡೋಣ, ಅಂದ್ರೇನು?"

ಮೊದಲ ಬೆಂಚಿನ ಶ್ರೀಕೃಷ್ಣ ಎದ್ದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಒಪ್ಪಿಸಿದ. ಒಂದು ಅಕ್ಷರ ತಪ್ಪಿರಲಿಲ್ಲ.

"ಶಾಭಾಸ್. ಒಂದು ಉದಾಹರಣಿ ಕೊಡು."

"ಚರ್ಚ್‌ಗೇಟ್ ಸ್ಟೇಷನ್ ಸರ್."

"ನೋಡೀಯೇನು ಅದನ್ನ?"

"ಇಲ್ಲ ಸರ್."

ಪ್ರೊಫೆಸರರು ನಗುತ್ತ ಹಲಗೆಯ ಕಡೆ ತಿರುಗಿದರು. ತಿರುಗುವಾಗ ತೋಳು ಕಣ್ಣಿಗೆ ಬಿತ್ತು. ಒಂದು ಕ್ಷಣ ನೋಡಿ, ಬೆರಳಿನಿಂದ ತೀಡಿ, ಬೆರಳನ್ನು ಕನ್ನಡಕದ ಹತ್ತಿರ ಹಿಡಿದರು.

"ಇದೇನ್ರೀ ಇದು? ನಿಮ್ಮ ಗೋಡಿ ನನ್ನ ಕೋಟಿಗೆ ಹತ್ತಿಬಿಟ್ಟದಲ್ಲ! ಸುಣ್ಣ ಎಲ್ಲೀದು?"

ಪ್ರಿನ್ಸಿಪಾಲರು ಕೃಷ್ಣಾನಂದರನ್ನು ನೋಡಿದರು. ಕೃಷ್ಣಾನಂದರು ಸೀಮೆಸುಣ್ಣವನ್ನು ನೋಡಿದರು. ಜವಾನ, ಕೇಳಿದ್ದಕ್ಕೆ ಉತ್ತರ ಕೊಡುವ ಪ್ರಾಮಾಣಿಕ ಮನುಷ್ಯ, ಬಾಗಿಲಿನಿಂದ ಹೇಳಿದ: "ಹೊಳೆಯಾಚೆ ತಿಮ್ಮಕ್ಕನ ಭಟ್ಟೀದು ಸಾಹೇಬರೆ."

"ಹಂಗಾದ್ರ ಆ ತಿಮ್ಮಕ್ಕ ನಿಮಗ ಮೋಸ ಮಾಡ್ಯಾಳ" ಎಂದರು ಪ್ರೊಫೆಸರರು.

ಸುಮತಿ ಎದ್ದು ನಿಂತಳು. ಸುಮ್ಮನಿದ್ದರೆ ಬಿ.ಎಸ್ಸಿ. ಬಂದರೂ ಬಂದೀತು ಎಂದು ಆಕೆಗೆ ಗೊತ್ತಿತ್ತು. ಸುಮ್ಮನಿರಲಾಗಲಿಲ್ಲ.

"ಮೋಸ ಅಲ್ಲ ಸರ್. ನಿಮ್ಮ ಕೋಟಿನ ಮೇಲೆ ಇದ್ದದ್ದು ಎಡಗಡೇದು."

"ಎಡಗಡೇದು ಅಂದ್ರ?"

"ಸಮೀಕರಣದ ಎಡಗಡೇದು ಸರ್. ಬಲಗಡೆಗೆ ಹೋಗ್ಲೇ ಇಲ್ಲ."

ಪ್ರೊಫೆಸರರು ಬೆರಳನ್ನು ಹಾಗೇ ಹಿಡಿದುಕೊಂಡು ನಿಂತರು. "ಹೆಸರೇನವಾ ನಿಂದು? ಬಾ ಇಲ್ಲೆ. ಬಾ. ಬರದು ತೋರಸು."

ಆಕೆ ಹೋಗಿ ಬರೆದಳು. ಚಿಪ್ಪು, ಎರಡು ಬಾಣ, ಸುಣ್ಣ, ಗಾಳಿ. ಮೊದಲು ಇಂಗ್ಲಿಷಿನಲ್ಲಿ ಸುರು ಮಾಡಿ, ಎರಡನೆಯ ವಾಕ್ಯಕ್ಕೆ ಅದು ಮುಗಿದುಹೋಗಿ, ಮನೆಯ ಮಾತಿನಲ್ಲೇ ಹೇಳಿದಳು. ಭಟ್ಟಿಯ ಬಾಯಿ ತೆರೆದಿದ್ದರೆ ಗಾಳಿ ಹೋಗುತ್ತಿರುತ್ತದೆ, ಹಿಂದೆ ಬರುವ ಬಾಣಕ್ಕೆ ಕೆಲಸವೇ ಇಲ್ಲ, ಚಿಪ್ಪೆಲ್ಲ ಸುಣ್ಣವಾಗುತ್ತದೆ. ಮುಚ್ಚಿದರೆ ಗಾಳಿ ಒಳಗೇ ತುಂಬುತ್ತದೆ, ಹೋದಷ್ಟೇ ಹಿಂದೆ ಬರುತ್ತದೆ. ಚಿಪ್ಪು ಕೆಂಪಾಗಿತ್ತು, ಬಿಸಿ ಸಾಕಷ್ಟಿತ್ತು, ಆದರೂ ಮುಂದೆ ಹೋಗಲಿಲ್ಲ. ಅರ್ಧ ಅರ್ಧವೂ ಆಗಲಿಲ್ಲ ಸರ್, ನಾಲ್ಕರಲ್ಲೊಂದು ಪಾಲು ಅಷ್ಟೇ. ತಾರಿಯ ಹಾಗೆ, ದೋಣಿಯಲ್ಲಿ ಸಮ, ದಂಡೆಯಲ್ಲಿ ಅಲ್ಲ.

"ಎಲ್ಲಾ ಖರೆ" ಎಂದರು ಪ್ರೊಫೆಸರರು. "ಮುಚ್ಚಿದವ್ರು ಯಾರು?"

"ನಾವು ಸರ್" ಎಂದಳು ಸುಮತಿ.

"ನಾನು" ಎಂದರು ಕೃಷ್ಣಾನಂದರು. ಇನ್ನೊಮ್ಮೆ ಹೇಳಿದರು. "ಮುಚ್ಚಲು ಹೇಳಿದವನು ನಾನು. ಇವಳ ತಾಯಿ ಬೇಡವೆಂದಿದ್ದರು."

ಪ್ರಿನ್ಸಿಪಾಲರು ಕಣ್ಣು ಮುಚ್ಚಿದರು. ಬಹುಶಃ ಯಾವುದೋ ಶ್ಲೋಕ.

"ಯಾಕ ಬ್ಯಾಡ ಅಂದ್ರು?"

"ಭಟ್ಟಿಗೆ ಉಸಿರು ಬೇಕು ಎಂದರು. ನಾನು ನಕ್ಕೆ."

ಪ್ರೊಫೆಸರರು ನಗಲಿಲ್ಲ. ತೋಳನ್ನು ಎತ್ತಿ ತರಗತಿಗೆ ತೋರಿಸಿದರು, ಬಟ್ಟೆ ಅಂಗಡಿಯಲ್ಲಿ ಥಾನು ತೋರಿಸುವ ಹಾಗೆ. "ನೋಡ್ರಿ. ಒಳ್ಳೇ ಸುಣ್ಣ ಗೋಡಿ ಮ್ಯಾಲೆ ಬಳದಮ್ಯಾಲೆ ಏನ ಮಾಡ್ತದ? ಹೊರಗಿನ ಗಾಳಿಯೊಳಗಿಂದ ಅದ ಇಂಗಾಲಾಮ್ಲ ತಗೊಂಡು ತಿರುಗಿ ಎಡಗಡೇಕೇ ಬರ್ತದ, ಗಟ್ಟಿಯಾಗಿ ಕೂಡ್ತದ. ಈ ಹುಡುಗಿ ಸುಟ್ಟ ಸುಣ್ಣ ಹಿಂದ ಚಿಪ್ಪಾಗೂದು ನೋಡಿಲ್ಲ ಅಂದಿರಬೇಕು. ದಿನಾ ನೋಡ್ಯಾಳ, ಗೋಡಿ ಮ್ಯಾಲೆ. ಆಚೆ ಹೋಗಿ ಬಂದದ್ದು ಗೋಡಿ ಹಿಡೀತದ. ಹೋಗದನ ಕುಂತದ್ದು ಕೋಟು ಹಿಡೀತದ."

ಸುಮತಿ, ನವೆಂಬರ್ ಹದಿನೇಳರಂದು ತಾನು ಅಂದದ್ದು ಇವರಿಗೆ ಯಾರು ಹೇಳಿದರು ಎಂದು ಆಶ್ಚರ್ಯಪಟ್ಟಳು. ಯಾರೂ ಹೇಳಿರಲಿಲ್ಲ. ಆ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ, ಕೂತ್ಕೋ ಎನ್ನಿಸಿಕೊಳ್ಳುತ್ತಾರೆ.

ಊಟದ ನಂತರ ಪ್ರೊಫೆಸರರು ಕೋಟನ್ನು ಕೈಮೇಲೆ ಹಾಕಿಕೊಂಡು ಭಟ್ಟಿ ನೋಡಲು ಹೊಳೆ ದಾಟಿದರು. ಕೃಷ್ಣಾನಂದರು ಹಿಂದೆ ಹಿಂದೆ ಹೋದರು. ಇದ್ದಿಲು ಬಂದಿತ್ತು, ದುರ್ಗನ ಚಕ್ರಕ್ಕೆ ಭಟ್ಟಿ ಉರಿಯುತ್ತಿತ್ತು, ಅದರ ಬಾಯಿ ತೆರೆದಿತ್ತು. ಅನ್ನದ ಮಡಕೆಯ ಬಾಯಿಯೂ ತೆರೆದಿತ್ತು.

"ಮಡಕಿ ಯಾಕವ್ವಾ ಮುಚ್ಚೂದಿಲ್ಲ?" ಎಂದು ಪ್ರೊಫೆಸರರು ತಿಮ್ಮಕ್ಕನನ್ನು ಕೇಳಿದರು. ವಿಜ್ಞಾನದ ಒಂದು ಒಳ್ಳೆಯ ಉತ್ತರ ಬರುತ್ತದೆ ಎಂಬ ಆಸೆ ಅವರ ಮುಖದ ಮೇಲಿತ್ತು.

"ಹಿಂದಿನವ್ರು ಮುಚ್ತಿರ್ಲಿಲ್ಲ" ಎಂದಳು ತಿಮ್ಮಕ್ಕ. "ಮನೆಲಿ ಮುಚ್ಚೂ ಕೈ ಭಟ್ಟೀನೂ ಮುಚ್ಚೀತು." ಆಮೇಲೆ ಕೃಷ್ಣಾನಂದರ ಕಡೆ ನೋಡಿ, "ಮಾಸ್ತರ್ರೆ, ಬಂದದ್ದು ಆತು, ಒಂದ್ಗಳಿಗೆ ಚಕ್ರ ತಿರುಗ್ಸಿ. ಇವ್ರಿಗೆ ಉಣ್ಣೂಕೆ ಹೊತ್ತಾತು" ಎಂದಳು. ದುರ್ಗ ಎದ್ದ, ಕೃಷ್ಣಾನಂದರು ಕೂತರು.

ಸಮಿತಿಯ ವರದಿ ಮಾರ್ಚ್ ಕೊನೆಗೆ ಬಂತು. ಲೈಬ್ರರಿ ಸಾಲದು, ತಕ್ಕಡಿ ಹೊಸದು ತರಿಸಬೇಕು, ಗೋಡೆಗಳಿಗೆ ಮತ್ತೊಮ್ಮೆ ಸುಣ್ಣ ಬಳಿಸತಕ್ಕದ್ದು ಎಂದಿತ್ತು. ಬಿ.ಎಸ್ಸಿ. ಮೊದಲ ವರ್ಷಕ್ಕೆ ಒಂದು ವರ್ಷದ ಮಟ್ಟಿಗೆ ಅನುಮತಿ ಕೊಟ್ಟಿದ್ದರು. ಜೂನ್‌ನಲ್ಲಿ ಹದಿನಾಲ್ಕು ಜನ ಸೇರಿದರು. ಹಾಜರಿ ಪುಸ್ತಕದಲ್ಲಿ ಸುಮತಿಯ ನಂಬರು ಒಂಬತ್ತು.